ಜ್ವರ ಇಳಿಯಿತು, ಗುಲ್ಮ ಇಳಿಯಿತೇ?

ಎಪ್‌ಸ್ಟೀನ್-ಬಾರ್ ವೈರಸ್ ತರುವ ಮಾನೊನ್ಯೂಕ್ಲಿಯೋಸಿಸ್ ಹೆಚ್ಚಾಗಿ ಕಾಡುವುದು ಕಾಲೇಜು ವಯಸ್ಸಿನವರನ್ನು. ಗಂಟಲುನೋವು, ಕುತ್ತಿಗೆಯ ಗಂಟು, ಸುಸ್ತಿನ ಜೊತೆಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಎಡ ಪಕ್ಕೆಲುಬಿನಡಿಯ ಗುಲ್ಮವೂ ಊದುತ್ತದೆ. ಅದು ಒಡೆಯುವುದು ತೀರಾ ಅಪರೂಪ. ಒಡೆದರೆ ಮಾತ್ರ ಪ್ರಾಣಕ್ಕೇ ಸಂಚಕಾರ.

1. ಕಾಯಿಲೆ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಲೆಕ್ಕ ಅಲ್ಲಿಂದ, ರಕ್ತ ಪರೀಕ್ಷೆಯ ವರದಿ ಬಂದ ದಿನದಿಂದಲ್ಲ. ಗುಲ್ಮ ಒಡೆಯುವುದು ಬಹುಪಾಲು ಮೊದಲ 3 ವಾರಗಳಲ್ಲಿ. 7-8 ವಾರದ ಹೊತ್ತಿಗೆ ಒಡೆದದ್ದೂ ಉಂಟು.

2. ಕನಿಷ್ಠ 3 ವಾರ ಯಾವ ಆಟವೂ ಬೇಡ. ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಆಡುವವರು, ಜಿಮ್‌ನಲ್ಲಿ ಭಾರ ಎತ್ತುವವರು ಇನ್ನೂ ಒಂದೆರಡು ವಾರ ತಡೆದರೆ ಒಳ್ಳೆಯದು. ಮೊದಲ ವಾರ ಹುಡುಗರನ್ನು ಹಿಡಿದಿಡಬೇಕಾಗಿಲ್ಲ, ಹಾಸಿಗೆಯೇ ಹಿಡಿದಿಟ್ಟಿರುತ್ತದೆ. ಜ್ವರ ಬಿಟ್ಟು, ನಾಲಿಗೆಗೆ ರುಚಿ ಹತ್ತಿ, ಗೆಳೆಯರು ಟೂರ್ನಿಗೆ ಕರೆಯುತ್ತಾರಲ್ಲ, ಎಚ್ಚರ ಬೇಕಾದದ್ದು ಆಗ. ವೈದ್ಯರ ಚೀಟಿಯನ್ನು ಕೋಚ್ ಕೈಗೆ ಅಪ್ಪ ಅಮ್ಮನೇ ಮುಟ್ಟಿಸಲಿ, ಹುಡುಗರು ಕೊಡುವುದು ಅನುಮಾನ.

3. ಪೆಟ್ಟು ಬೀಳದೆಯೂ ಗುಲ್ಮ ಒಡೆಯಬಹುದು. ಹಾಗಾಗಿ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್ ಎತ್ತಬೇಡಿ. ಮಲಬದ್ಧತೆಯಲ್ಲಿ ತಿಣುಕುವುದೂ ಬೇಡ. ಸೊಪ್ಪು, ಹಣ್ಣು, ಸಾಕಷ್ಟು ನೀರು ಇರಲಿ.

4. ಮನೆಯಲ್ಲಿ ಹೊಟ್ಟೆ ಒತ್ತಿ ನೋಡಬೇಡಿ. ಊದಿದ ಗುಲ್ಮ ಎಷ್ಟೋ ಸಲ ಕೈಗೆ ಸಿಗುವುದೇ ಇಲ್ಲ. ಸ್ಕ್ಯಾನಿಂಗೂ ಎಲ್ಲರಿಗೆ ಬೇಕಿಲ್ಲ. ಎತ್ತರದ ಆಳಿನ ಗುಲ್ಮ ಹುಟ್ಟಾ ದೊಡ್ಡದಿರಬಹುದು, ಒಂದು ಸಲ ಅಳೆದು ಏನೂ ಹೇಳಲಾಗದು.

5. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಕಳೆದ ಸಲ ಉಳಿದ ಅಮಾಕ್ಸಿಸಿಲಿನ್ ಈ ವೈರಸ್ಸಿಗೆ ನಾಟದು, ಬದಲಿಗೆ ಮೈತುಂಬ ದದ್ದು ಎಬ್ಬಿಸಬಹುದು.

6. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಇದ್ದಕ್ಕಿದ್ದಂತೆ ನೋವು, ತಲೆಸುತ್ತು, ತಣ್ಣನೆಯ ಬೆವರು ಬಂದರೆ 108ಕ್ಕೆ ಕರೆ ಮಾಡಿ. ಎಡಭುಜವೂ ನೋಯಬಹುದು: ಒಳಗೆ ಸುರಿದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಅಲ್ಲಿ ಕಾಣಿಸಿಕೊಳ್ಳುತ್ತದೆ. ಗ್ಯಾಸ್ ಇರಬೇಕೆಂದು ಓಮದ ನೀರು ಕುಡಿಸಿ ಕಾಯಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ‘ಮಾನೊ ಆಗಿದೆ’ ಎಂದು ತಿಳಿಸಿ. ರಕ್ತದೊತ್ತಡ ಕುಸಿಯದಿದ್ದರೆ ನಿಗಾದಲ್ಲಿಟ್ಟು ಗುಲ್ಮವನ್ನು ಉಳಿಸಿಕೊಳ್ಳುವುದೂ ಉಂಟು. ತೆಗೆಯಲೇಬೇಕಾಗಿ ಬಂದರೆ, ನ್ಯುಮೊಕಾಕಸ್ ಮತ್ತು ಮೆನಿಂಜೊಕಾಕಸ್ ಲಸಿಕೆ ಯಾವಾಗ ಎಂದು ಕೇಳದೆ ಮನೆಗೆ ಹೊರಡಬೇಡಿ.