ಮಂದಿ ಸಾಲಿನ ಬೆಂಡಿಗಿಡ

ಹಳದಿ ರೋಗ ಹತ್ತಿದ ಬೆಂಡಿಗಿಡವನ್ನು ಕೀಳಲೇಬೇಕು. ಅದು ನನ್ನ ಸಾಲಿನದಾದರೂ ಅಷ್ಟೇ, ಮಂದಿಯ ಸಾಲಿನದಾದರೂ ಅಷ್ಟೇ. ಹೇಳಿ ಸುಮ್ಮನಿರದೆ ಮಾಡಿಯೂ ತೋರಿಸಿದ್ದಕ್ಕೆ ನಮ್ಮ ಓಣಿಯಲ್ಲಿ ಎರಡು ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಉಣಕಲ್ ಕೆರೆಯ ಆಚೆ, ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಮನೆಯವರು ಕೂಡಿ ಕಾಯಿಪಲ್ಯ ಬೆಳೆಯುತ್ತೇವೆ. ಎರಿ ಮಣ್ಣು. ಏಪ್ರಿಲ್ ಬಿಸಿಲಿಗೆ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ, ನೀರು ಹೆಚ್ಚಾದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ನವಿಲುತೀರ್ಥದಿಂದ ಬರುವ ಮಲಪ್ರಭೆಯ ನೀರು ನಮ್ಮ ನಳಕ್ಕೆ ದಿನಾ ಬರುವುದಿಲ್ಲ. ಅಕ್ಕಿ ತೊಳೆದದ್ದು, ಬಟ್ಟೆ ಜಾಲಿಸಿದ ಕಡೆಯ ನೀರು ಎಲ್ಲ ಬಕೆಟ್ಟಿನಲ್ಲಿ ಹೊತ್ತು ಸಂಜೆ ಹಾಕುತ್ತೇವೆ. ಇಷ್ಟಕ್ಕೂ ಚವಳಿ ಜಗ್ಗಲಿಲ್ಲ. ಹೀರಿಬಳ್ಳಿ ಚಪ್ಪರ ಹತ್ತಿದೆ. ಕೆಟ್ಟದ್ದು ಬೆಂಡಿ.

ಬೀಜ ತಂದವನು ನನ್ನ ಮೈದುನ. ಸಂತೆಯಲ್ಲಿ ಬಿಡಿಯಾಗಿ ಸಿಕ್ಕಿತಂತೆ. "ಜವಾರಿ ಬೀಜ ಅವರೀ ವೈನಿ, ಭಾರೀ ರುಚಿ" ಎಂದ. ರೋಗ ಬೀಜದಿಂದ ಬರುವುದಿಲ್ಲ, ಬಿಳಿ ನೊಣ ತರುತ್ತದೆ ಎಂದು ಈಗ ಅವನೇ ಎಲ್ಲರಿಗೂ ಪಾಠ ಹೇಳುತ್ತಾನೆ. ಖರೆ. ಆದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ರೋಗ ತಡೆಯಲೆಂದು ಕಾಡುಬೆಂಡಿಯ ಗುಣ ಕೂಡಿಸಿ ಅರ್ಕಾ ಅನಾಮಿಕಾ ತಳಿ ಮಾಡಿಟ್ಟಿರುವಾಗ ಚೀಟಿಯಿಲ್ಲದ ಬೀಜ ಯಾಕೆ? ರೋಗವೂ ಹೊಸದಲ್ಲ. 1924ರಲ್ಲೇ ಮುಂಬೈ ಪ್ರಾಂತದಿಂದ ಅದರ ವರದಿ ಬಂದಿತ್ತು. ನಮ್ಮ ಧಾರವಾಡ ಆಗ ಅದೇ ಪ್ರಾಂತದಲ್ಲಿತ್ತು.

ಮೊದಲು ನನ್ನ ಸಾಲಿನ ಒಂದು ಗಿಡದಲ್ಲಿ ಎಲೆಯ ನರಗಳಷ್ಟೇ ಹಳದಿಯಾಗಿ, ನಡುವೆ ಹಸಿರು ಉಳಿದು, ಬಲೆ ಹೆಣೆದ ಹಾಗಾಯಿತು. ಕಿತ್ತೆ. ಆಮೇಲೆ ನಮ್ಮ ಜೊತೆ ಬೆಳೆಯುವ ಇನ್ನೊಂದು ಮನೆಯ ಕಾಕೂನ ಸಾಲಿನಲ್ಲಿ ಕಂಡಿತು. ಹೇಳಿದೆ. "ಗೊಬ್ಬರ ಕಡಿಮಿ ಆಗ್ಯದ" ಎಂದು ಅವರು ಇನ್ನೊಂದು ಬುಟ್ಟಿ ಸಗಣಿಗೊಬ್ಬರ ಹಾಕಿದರು. ಗೊಬ್ಬರ ಹಾಕಿದರೆ ನಂಜು ಹೋಗುತ್ತದೆಯೇ? ಎಲೆ ತಿರುವಿದರೆ ಬಿಳಿ ನೊಣ ಭರ್ರನೆ ಏಳುತ್ತಿದ್ದವು. ಒಣ ಸೆಕೆಯೆಂದರೆ ಅವಕ್ಕೆ ಸುಗ್ಗಿ.

ಅವತ್ತು ಬೆಳಕು ಹರಿಯುವ ಮುಂಚೆ ಗೊಬ್ಬರದ ಖಾಲಿ ಚೀಲ ಹಿಡಿದು ಹೋದೆ. ತಂಪು ಹೊತ್ತಿಗೆ ನೊಣ ಮಂಕಾಗಿರುತ್ತವೆ. ಬಿಸಿಲೇರಿದ ಮೇಲೆ ಅಲುಗಿಸಿದರೆ ಎದ್ದು ಬಾಜೂ ಗಿಡಕ್ಕೆ ಕೂರುತ್ತವೆ. ಗಿಡದ ಮೇಲೆ ಚೀಲ ಮುಚ್ಚಿ, ಬುಡ ಹಿಡಿದು ಎಳೆಯಬೇಕು. ಎರಿ ಮಣ್ಣು ಸುಲಭಕ್ಕೆ ಬಿಡುವುದಿಲ್ಲ, ಬೆಂಡಿಯ ಸುಣೆ ಬೇರೆ ಮೊಣಕೈತನಕ ಚುರುಚುರು. ನನ್ನ ಸಾಲು ಮುಗಿಯಿತು, ಮೈದುನನದು ಮುಗಿಯಿತು, ಕಾಕೂನ ಸಾಲಿನ ಅರ್ಧಕ್ಕೆ ಬರುವಾಗ ಹಿಂದಿನಿಂದ ಬಕೆಟ್ ದಪ್ಪನೆ ಇಟ್ಟ ಸಪ್ಪಳ.

"ಯಾರನ್ನ ಕೇಳಿ ಕಿತ್ತಿ?"

"ರೋಗ ಹತ್ಯದರೀ ಕಾಕೂ."

"ಕಾಯಿ ಬಿಡೋ ಗಿಡಕ್ಕ ರೋಗಂತ! ಮಗಳು ಸೂಟಿಗೆ ಬರ್ತಾಳಂತ ಕೊಡಾ ಹೊತ್ತು ಜ್ವಾಕಿ ಮಾಡೀನಿ. ನಿನ್ನ ಹೊಟ್ಟಿ ಉರಿ ಇದು."

ಒಂದು ಕಾಯಿ ಹರಿದು ಕೈಯಲ್ಲಿಟ್ಟೆ. ಬಿಳಿಚಿ, ಕಡ್ಡಿಯಾಗಿತ್ತು, ಮುರಿದರೆ ನಾರು. ನೋಡದೆ ಬಿಸಾಡಿದರು. ಅಷ್ಟರಲ್ಲಿ ಹಾಲಿಗೆ ಹೊರಟವರೆಲ್ಲ ಕಂಪೌಂಡಿಗೆ ಬಂದು ನಿಂತಿದ್ದರು. ಮೈದುನ ಹಲ್ಲುಜ್ಜುತ್ತ ನಿಂತು, "ವೈನಿ, ಕೇಳಿ ಕೀಳಬೇಕಿತ್ತರೀ" ಎಂದ. ಬೀಜ ತಂದವನು! ನಾನು ಉಳಿದ ಅರ್ಧ ಸಾಲನ್ನೂ ಕಿತ್ತು, ಚೀಲದ ಬಾಯಿ ಕಟ್ಟಿದ ಮೇಲೆಯೇ ಮನೆಗೆ ಬಂದೆ.

ಕೂಡಿ ಬೆಳೆಯುವವರು ಬಿತ್ತುವ ಮುಂಚೆಯೇ ಒಂದು ಮಾತು ಮಾಡಿಕೊಳ್ಳಿ: ರೋಗದ ಗಿಡ ಯಾರು ಕಂಡರೂ ಕೀಳಬಹುದು. ಬಿತ್ತಿ ತಿಂಗಳೊಳಗೆ ರೋಗ ಬಂದರೆ ಫಸಲು ಹೆಚ್ಚುಕಡಿಮೆ ಹೋದಂತೆಯೇ, ತಡವಾಗಿ ಬಂದರೆ ಒಂದಿಷ್ಟು ದಕ್ಕೀತು. ಸುತ್ತಲೂ ಗೋವಿನಜೋಳದ ಸಾಲು ಹಾಕಿದರೆ ನೊಣಕ್ಕೆ ಅಡ್ಡ. ಬೇವಿನೆಣ್ಣೆ ಹೊಡೆಯುವುದಾದರೆ ಎಲೆಯ ಹಿಂಬದಿಗೆ.

ಮೊನ್ನೆಯ ಅಡ್ಡಮಳೆಗೆ ಅರ್ಕಾ ಅನಾಮಿಕಾ ತಂದು ಎಲ್ಲರ ಸಾಲಿಗೂ ಊರಿದೆ. ಕಾಕೂ ನೋಡಿದರು, ಬೇಡ ಅನ್ನಲಿಲ್ಲ, ಮಾತೂ ಆಡಲಿಲ್ಲ. ಪಾಕೀಟಿನ ದುಡ್ಡು ನಾಲ್ಕೂ ಮನೆ ಹಂಚಿಕೊಳ್ಳಬೇಕು. ಮೈದುನನ ಪಾಲು ಇನ್ನೂ ಬಂದಿಲ್ಲ.