ಮಿತವ್ಯಯದ ಅಭ್ಯಾಸ

‘ಮಿತ’ ಎಂಬುದು ಅಳತೆಯನ್ನು ಹೇಳುವ ‘ಮಾ’ ಧಾತುವಿನಿಂದ ಹುಟ್ಟಿದ ಶಬ್ದ. ಮಿತವೆಂದರೆ ಅಳೆದುದು, ಮಿತವ್ಯಯವೆಂದರೆ ಅಳೆದು ಮಾಡಿದ ವೆಚ್ಚ. ಆದರೂ ಲೋಕದಲ್ಲಿ ಇದನ್ನು ಜಿಪುಣತನದೊಡನೆ ಬೆರೆಸಿ ಮಾತನಾಡುವ ರೂಢಿಯುಂಟು. ಲೋಭಿಯೂ ಉಳಿಸುತ್ತಾನೆ, ಮಿತವ್ಯಯಿಯೂ ಉಳಿಸುತ್ತಾನೆ. ಲೋಭಿಯು ಉಳಿಸಿದ್ದು ಪೆಟ್ಟಿಗೆಯನ್ನು ಸೇರುತ್ತದೆ. ಮಿತವ್ಯಯಿಯು ಉಳಿಸಿದ್ದು ಸಕಾಲದಲ್ಲಿ ಸತ್ಕಾರ್ಯಕ್ಕೆ ಸಲ್ಲುತ್ತದೆ. ಉಳಿದುದು ಎಲ್ಲಿಗೆ ಹೋಗುವುದೆಂಬುದೇ ಇವರಿಬ್ಬರನ್ನು ಬೇರ್ಪಡಿಸುವ ಒರೆಗಲ್ಲು.

ಈ ತತ್ತ್ವಕ್ಕೆ 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಗಿಂತ ಮಿಗಿಲಾದ ನಿದರ್ಶನ ದುರ್ಲಭ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ಮನೆಯಲ್ಲಿ ದಾಸೋಹ ನಡೆಯುತ್ತಿತ್ತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಕಥೆ. ಚೆಲ್ಲಿದ ಕಾಳು ವ್ಯರ್ಥವಾಗಬಾರದು. ಅಗತ್ಯಕ್ಕೆ ಮೀರಿದ ಕಾಳು ಮನೆಗೆ ಬರಲೂ ಬಾರದು. ಅಳತೆಯ ಈ ಎರಡು ಮುಖಗಳನ್ನೂ ಅರಿತ ಆ ಬಡ ಮನೆಯಲ್ಲಿ ಅತಿಥಿಗಳಿಗೆ ಅನ್ನವಿತ್ತು.

ಇಂತಹ ವಿವೇಕವು ಒಂದು ದಿನದ ಸಂಕಲ್ಪದಿಂದ ಬರತಕ್ಕದ್ದಲ್ಲ. ಅತಿ ಕಠಿಣವಾದ ನಿಯಮಗಳನ್ನು ಒಮ್ಮೆಲೇ ಹಿಡಿದವರು ಬಹುಬೇಗನೆ ಬೇಸತ್ತು ಬಿಡುವುದನ್ನು ನಾವು ನೋಡುತ್ತೇವೆ. ಕೈಗೆಟಕುವ ಚಿಕ್ಕ ಅಭ್ಯಾಸವಾದರೋ ದಿನದಿನಕ್ಕೆ ಸ್ವಭಾವವಾಗಿ ಪರಿಣಮಿಸುತ್ತದೆ. 1888ರಲ್ಲಿ ಕಾನೂನು ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದ ಗಾಂಧೀಜಿಯವರು ಮೊದಮೊದಲು ಉಡುಪು, ನೃತ್ಯಪಾಠಗಳಿಗೆ ಹಣ ವೆಚ್ಚಮಾಡಿದರು. ಆದರೆ ಬಿಡಿಗಾಸಿನ ಖರ್ಚನ್ನೂ ಬರೆದಿಟ್ಟು, ರಾತ್ರಿ ಮಲಗುವ ಮುನ್ನ ಲೆಕ್ಕವನ್ನು ತಾಳೆನೋಡುವ ಅಭ್ಯಾಸವೂ ಅವರಲ್ಲಿತ್ತು. ಆ ಲೆಕ್ಕವೇ ಅವರ ಕಣ್ತೆರೆಸಿತು. ಬಳಿಕ ನಡೆದು ಹೋಗಬಹುದಾದಷ್ಟು ದೂರದಲ್ಲಿ ಮನೆ ಹಿಡಿದು ಗಾಡಿಯ ಬಾಡಿಗೆಯನ್ನು ಉಳಿಸಿದರು. ಮುಂದೆ ಒಂದೇ ಕೋಣೆಗೆ ಬಂದು, ಬೆಳಗಿನ ಆಹಾರವನ್ನು ತಾವೇ ಬೇಯಿಸಿಕೊಂಡರು. ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಗಳನ್ನು ಮುಂದೆ ಸಾಲವಿಲ್ಲದೆ ನಿರ್ವಹಿಸಲು ಈ ಅಭ್ಯಾಸವೇ ನೆರವಾಯಿತೆಂದು ಆತ್ಮಕಥೆಯಲ್ಲಿ ಅವರೇ ತಿಳಿಸಿದ್ದಾರೆ.

ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬಹುದಾದ ಅಭ್ಯಾಸಗಳು ಮೂರು. ಮೊದಲನೆಯದು, ಬರೆದಿಡುವುದು. ಈಗ ಮೊಬೈಲಿನಲ್ಲಿ ಬೆರಳು ತಾಗಿಸಿದೊಡನೆ ಹಣ ಸಂದಾಯವಾಗುತ್ತದೆ. ಕಾಸು ಕೈಬಿಟ್ಟು ಹೋದುದು ಮನಸ್ಸಿಗೆ ತಟ್ಟುವುದಿಲ್ಲ. ಆದಕಾರಣ ಸಂಜೆ ನಾಲ್ಕು ಸಾಲಿನ ಲೆಕ್ಕ ಬರೆಯುವುದು ಹಿಂದಿಗಿಂತಲೂ ಇಂದು ಅವಶ್ಯಕ. ಎರಡನೆಯದು, ತಡೆದು ಕೊಳ್ಳುವುದು. ಬೇಕೆನಿಸಿದ ವಸ್ತುವನ್ನು ಮೂರು ದಿನ ಬಿಟ್ಟು ಕೊಳ್ಳುವೆನೆಂದರೆ, ಅನೇಕ ಬಯಕೆಗಳು ಅಷ್ಟರಲ್ಲಿ ತಾವಾಗಿಯೇ ಅಡಗುತ್ತವೆ. ಮೂರನೆಯದು, ಮೊದಲೇ ತೆಗೆದಿಡುವುದು. ವೆಚ್ಚವಾಗಿ ಉಳಿದುದನ್ನು ಕೂಡಿಡುವೆನೆಂದವನಿಗೆ ಏನೂ ಉಳಿಯದು. ಅಡಿಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವ ಗೃಹಿಣಿಯು ಈ ಸೂತ್ರವನ್ನು ಬಲ್ಲಳು. ಹಿಡಿಗೆ 50 ಗ್ರಾಮಿನಂತೆ ವರ್ಷಕ್ಕೆ 18 ಕಿಲೋಗ್ರಾಮು. ನೂರು ಮನೆಗಳಿಂದ 18 ಕ್ವಿಂಟಲು. ‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’ ಎಂಬ ಗಾದೆಯ ‘ಬಳ್ಳ’ವೂ ಧಾನ್ಯದ ಅಳತೆಯೇ ಎಂಬುದನ್ನು ಗಮನಿಸಬೇಕು.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಬೆಳೆಯುವ ಮಗುವಿನ ಅನ್ನ, ರೋಗಿಯ ಔಷಧ, ವಿದ್ಯಾರ್ಥಿಯ ಪುಸ್ತಕ ಇವುಗಳಲ್ಲಿ ಕೈ ಬಿಗಿಹಿಡಿಯುವುದು ಮಿತವ್ಯಯವೆನಿಸದು. ಅಲ್ಲಿ ಕಡಿಮೆಮಾಡಿ, ಮದುವೆಯ ಚಪ್ಪರಕ್ಕೆ ಸಾಲ ತರುವುದನ್ನು ಏನೆಂದು ಕರೆಯಬೇಕು? ಒಂದು ದಿನದ ಆಡಂಬರದ ಬಡ್ಡಿಯನ್ನು ಹಲವು ವರ್ಷಗಳ ಬೆಳೆ ತೆರಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ನಿಲ್ಲುವುದೂ ಇಂತಹ ಸಾಲದಿಂದಲೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ಹಿರಿಯರು ಕಾಲನ್ನು ಕತ್ತರಿಸಲು ಹೇಳಲಿಲ್ಲ. ಹಾಸಿಗೆಯ ಅಳತೆಯನ್ನು ಮೊದಲು ತಿಳಿದುಕೊಳ್ಳಲು ಹೇಳಿದರು.

ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತ ಬಾಲಕನು ಉಣ್ಣುವಷ್ಟನ್ನೇ ಬಡಿಸಿಕೊಂಡು ತಟ್ಟೆಯನ್ನು ಬರಿದುಮಾಡುವುದನ್ನು ಕಲಿತರೆ, ಮಿತವ್ಯಯದ ಮೊದಲ ಪಾಠ ಮುಗಿದಂತೆ. ಆ ತಟ್ಟೆಯ ಅನ್ನದಲ್ಲಿ ಯಾರೋ ರೈತನು ತನ್ನ ಕಣದಿಂದ ಅಳೆದು ಕೊಟ್ಟ ಕಾಳಿದೆ. ಅದನ್ನು ಬಾಲಕನಿಗೆ ತಿಳಿಯಹೇಳುವ ಹೊಣೆ ಉಪಾಧ್ಯಾಯರಾದ ನಮ್ಮದು. ಉಪದೇಶಕ್ಕಿಂತ ಮೊದಲು ನಮ್ಮ ಎಲೆಯೂ ಬರಿದಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.