ವಿಷಸಹನೆಯೂ ಕುರಿಯ ತಳಿಭೇದವೂ

ಉಣ್ಣೆ, ಮಾಂಸ, ಮೈಕಟ್ಟುಗಳಲ್ಲಿ ಕುರಿಗಳಿಗೆ ತಳಿಯಿಂದ ತಳಿಗೆ ಭೇದವುಂಟೆಂಬುದು ಕುರಿಗಾಹಿಗಳೆಲ್ಲ ಬಲ್ಲ ಸಂಗತಿ. ಒಂದೇ ವಿಷವನ್ನು ಒಂದು ತಳಿ ತಾಳಿಕೊಳ್ಳುವುದು, ಮತ್ತೊಂದು ತಾಳಲಾರದೆ ಮಡಿಯುವುದು ಅಷ್ಟು ಪರಿಚಿತವಲ್ಲ. ಇದಕ್ಕೆ ನ್ಯೂಜಿಲೆಂಡಿನ 'ಫೇಶಿಯಲ್ ಎಕ್ಜಿಮಾ' ಎಂಬ ವ್ಯಾಧಿಯು ಉತ್ತಮ ನಿದರ್ಶನ.

ಹೆಸರಿನ ಅರ್ಥ 'ಮುಖದ ಇಸುಬು'. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇದು ಅನ್ವರ್ಥನಾಮವಲ್ಲ. ರೋಗದ ನೆಲೆ ಮುಖವಲ್ಲ, ಯಕೃತ್ತು. ಬೇಸಗೆಯ ಕೊನೆಯಲ್ಲಿ ಸೆಕೆಯೂ ತೇವವೂ ಕೂಡಿದಾಗ, ಹುಲ್ಲುಗಾವಲಿನ ಬುಡದ ಒಣತರಗಿನಲ್ಲಿ ಒಂದು ಬಗೆಯ ಶಿಲೀಂಧ್ರ ಬೆಳೆಯುತ್ತದೆ. ಅದರ ಬೀಜಕಣಗಳಲ್ಲಿ 'ಸ್ಪೋರಿಡೆಸ್ಮಿನ್' ಎಂಬ ವಿಷವಿದೆ. ಮೇವಿನೊಡನೆ ಒಳಸೇರಿದ ಈ ವಿಷ ಪಿತ್ತನಾಳಗಳನ್ನು ಕೆಡಿಸಿ ಮುಚ್ಚುತ್ತದೆ. ಆಗ ಹಸುರೆಲೆಯ ಪತ್ರಹರಿತ್ತು ಜೀರ್ಣವಾಗಿ ಉಂಟಾದ, ಪಿತ್ತದ ಮೂಲಕ ಹೊರಹೋಗಬೇಕಾದ ವಸ್ತುವೊಂದು ರಕ್ತದಲ್ಲಿ ಉಳಿದು, ಬಿಸಿಲು ತಾಗಿದೆಡೆ ಚರ್ಮವನ್ನು ಸುಡುತ್ತದೆ. ಉಣ್ಣೆಯ ಮರೆಯಿಲ್ಲದ ಮುಖ, ಕಿವಿಗಳು ಊದಿಕೊಳ್ಳುತ್ತವೆ. ನಮ್ಮ ನಾಡಿನಲ್ಲಿ ಲಂಟಾನ ತಿಂದ ದನಕುರಿಗಳ ಚರ್ಮ ಬಿಸಿಲಿಗೆ ಬೇಯುವುದೂ ಈ ಕ್ರಮದಿಂದಲೇ. ವಿಷ ಮಾತ್ರ ಬೇರೆ. ಮುಖದಲ್ಲಿ ಏನೂ ತೋರದ ಕುರಿಯ ಯಕೃತ್ತೂ ಒಳಗೇ ಕೆಟ್ಟಿರಬಹುದೆಂಬುದೇ ಇಲ್ಲಿ ಭಯಂಕರವಾದುದು.

1938ರಲ್ಲಿ ಈ ವ್ಯಾಧಿ ಆ ದೇಶದಲ್ಲಿ ಅಪಾರ ಹಾನಿಯುಂಟುಮಾಡಿತು. ಶಿಲೀಂಧ್ರದ ಸಂಬಂಧ ಬೆಳಕಿಗೆ ಬಂದದ್ದು 1958ರಲ್ಲಿ, ರೂಆಕುರಾ ಸಂಶೋಧನ ಕೇಂದ್ರದ ಪರಿಶ್ರಮದಿಂದ.

ಮೆರಿನೋ ತಳಿ ಈ ವಿಷಕ್ಕೆ ಹೆಚ್ಚು ಸಹಿಷ್ಣು. ರೋಮ್ನಿಯಂತಹ ಬ್ರಿಟಿಷ್ ಮೂಲದ ತಳಿಗಳು ಬೇಗ ಸೋಲುತ್ತವೆ. ಹಾಗಾದರೆ ಎಲ್ಲರೂ ಮೆರಿನೋವನ್ನೇ ಸಾಕಬಾರದೇಕೆ ಎಂದು ವಾಚಕರು ಕೇಳಬಹುದು. ರೋಗ ಹೆಚ್ಚಾಗಿರುವ ಉತ್ತರದ್ವೀಪದ ತೇವಭೂಮಿಯಲ್ಲಿ ಮೆರಿನೋವಿಗೆ ಗೊರಸು ಕೊಳೆಯುವ ಬೇನೆ ಸುಲಭವಾಗಿ ತಗಲುತ್ತದೆ. ಒಂದು ಗುಣವನ್ನು ಮಾತ್ರ ನೋಡಿ ತಳಿಯನ್ನು ಆರಿಸುವುದು ಸಾಧುವಲ್ಲ.

ಆದುದರಿಂದ ವಿದ್ವಾಂಸರು ರೋಮ್ನಿಯೊಳಗೇ ಸಹಿಷ್ಣುಗಳನ್ನು ಅರಸಿದರು. ಒಂದೇ ತಳಿಯ ಕುರಿಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 40 ಭಾಗ ಆನುವಂಶಿಕವೆಂದು ಕಂಡುಬಂತು. ಇದು ಸಣ್ಣ ಪ್ರಮಾಣವಲ್ಲ. 1980ರ ದಶಕದಲ್ಲಿ ಆರಂಭವಾದ 'ರ್ಯಾಮ್‌ಗಾರ್ಡ್' ಪರೀಕ್ಷೆಯಲ್ಲಿ ಟಗರಿಗೆ ಅಳೆದ ವಿಷವನ್ನು ಕುಡಿಸಿ, ಸುಮಾರು ಮೂರು ವಾರಗಳ ತರುವಾಯ ರಕ್ತದಲ್ಲಿನ ಒಂದು ಕಿಣ್ವವನ್ನು ನೋಡುತ್ತಾರೆ. ಅದು ಏರಿದ್ದರೆ ಯಕೃತ್ತು ನೊಂದಿದೆಯೆಂದರ್ಥ. ಏರದ ಟಗರನ್ನು ಬೀಜಕ್ಕೆ ಉಳಿಸಿಕೊಳ್ಳುತ್ತಾರೆ. ಮಂದೆಯ ಹಿತಕ್ಕಾಗಿ ನಿರೋಗಿ ಪ್ರಾಣಿಗೆ ವಿಷವೂಡುವ ಈ ಕ್ರಮ ಮನಸ್ಸಿಗೆ ಹಿತವೆನಿಸದು. ಆದರೆ ಪರೀಕ್ಷಿಸದ ಟಗರಿನ ಸಂತತಿ ಗಾವಲಿನಲ್ಲಿ ಅಳತೆಯಿಲ್ಲದ ವಿಷವನ್ನೇ ಮೇಯುತ್ತದೆ.

1970ರ ದಶಕದಲ್ಲಿ ಗ್ಲಾಡಿಸ್ ರೀಡ್ ಎಂಬ ರೈತಮಹಿಳೆ ಸತುವಿನ ಲವಣ ಈ ರೋಗದಿಂದ ರಕ್ಷಿಸುತ್ತದೆಂದು ತೋರಿಸಿದ್ದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಸತುವನ್ನು ವಿಷ ಒಳಸೇರುವ ಮೊದಲೇ ಕೊಡಬೇಕು, ಪ್ರತಿವರ್ಷವೂ ಕೊಡಬೇಕು. ಮಿತಿಮೀರಿದರೆ ಅದೂ ವಿಷವೇ. ಟಗರಿನಿಂದ ಬಂದ ಸಹನಶಕ್ತಿಯಾದರೋ ಮರಿಗೆ ಹುಟ್ಟಿನೊಡನೆಯೇ ದೊರೆಯುತ್ತದೆ. ಅದು ಮಂದೆಯಲ್ಲೆಲ್ಲ ಹರಡಲು ಅನೇಕ ತಲೆಮಾರುಗಳು ಬೇಕು. ಅಲ್ಲಿಯವರೆಗೆ ಸತುವನ್ನು ಬಿಡುವಂತಿಲ್ಲ.